ಕಡಾಣಿಯ ಜಾಗದಲ್ಲಿ ಬೆರಳು

ಕೈಕೇಯಿಯನ್ನು ಬೈಯದೆ ರಾಮಾಯಣ ಕೇಳಿ ಎದ್ದು ಬಂದವರು ನಮ್ಮಲ್ಲಿ ಕಡಿಮೆ. ಮಗನಿಗೆ ಪಟ್ಟ ಬೇಕೆಂದು ಹಟ ಹಿಡಿದಳು, ರಾಮನನ್ನು ಕಾಡಿಗೆ ಅಟ್ಟಿದಳು ಎಂಬಲ್ಲಿಗೆ ಆಕೆಯ ಕಥೆ ಮುಗಿದುಹೋಗುತ್ತದೆ. ಆಕೆ ಕೇಳಿದ ಆ ಎರಡು ವರಗಳು ಎಲ್ಲಿಂದ ಬಂದವು ಎಂದು ತರಗತಿಯಲ್ಲಿ ಕೇಳಿದರೆ ಹೆಣ್ಣುಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ದೇವಾಸುರರ ಯುದ್ಧದಲ್ಲಿ ಗಾಯಗೊಂಡು ಎಚ್ಚರ ತಪ್ಪಿದ ದಶರಥನನ್ನು ಆಕೆ ರಣರಂಗದಿಂದ ಆಚೆಗೆ ಸಾಗಿಸಿ ಉಳಿಸಿಕೊಂಡಳು ಎಂದು ವಾಲ್ಮೀಕಿ ರಾಮಾಯಣ ಹೇಳುತ್ತದೆ. ಅಧ್ಯಾತ್ಮ ರಾಮಾಯಣದಲ್ಲಿ ಇನ್ನೊಂದು ವಿವರವಿದೆ. ಯುದ್ಧದ ನಡುವೆ ರಥದ ಅಚ್ಚಿನ ಕೀಲು ಮುರಿದುಬಿತ್ತು. ಬಾಣ ಬಿಡುವುದರಲ್ಲಿ ಮುಳುಗಿದ್ದ ರಾಜನಿಗೆ ಅದು ತಿಳಿಯಲೇ ಇಲ್ಲ. ಪಕ್ಕದಲ್ಲಿದ್ದ ಕೈಕೇಯಿ ಕೀಲಿನ ರಂಧ್ರದಲ್ಲಿ ತನ್ನ ಕೈಯನ್ನೇ ಇಟ್ಟು ಚಕ್ರ ಕಳಚದಂತೆ ಹಿಡಿದುಕೊಂಡಿದ್ದಳು. ನಮ್ಮ ಕಡೆ ಹೇಳುವ ಕಥೆಗಳಲ್ಲಿ ಆ ಕೈ ಬೆರಳಾಗಿದೆ. ಗೆದ್ದ ಮೇಲೆ ರಾಜ ಕೆಳಗೆ ನೋಡಿದ, ಕಂಡ, ವರ ಕೊಟ್ಟ.

ಈ ಕಥೆ ಹೇಳುವಾಗಲೆಲ್ಲ ನನಗೆ ವರಕ್ಕಿಂತ ಆ ಕೀಲಿನ ಮೇಲೆಯೇ ಗಮನ. ಇಷ್ಟು ದೊಡ್ಡ ರಥ, ಅಷ್ಟು ಕುದುರೆ, ಚಕ್ರವರ್ತಿ, ಯುದ್ಧ ಎಲ್ಲವೂ ನಿಂತಿದ್ದದ್ದು ಹೆಬ್ಬೆರಳ ಗಾತ್ರದ ಒಂದು ತುಂಡಿನ ಮೇಲೆ. ಚರಿತ್ರೆಯ ಪಾಠದಲ್ಲಿ ಚಕ್ರ ಕಂಡುಹಿಡಿದ ಮಾತು ಬರುತ್ತದೆ. ಚಕ್ರವನ್ನು ಹಿಡಿದಿಟ್ಟ ಕೀಲಿನ ಮಾತು ಯಾವ ಪಠ್ಯಪುಸ್ತಕದಲ್ಲೂ ನಾನು ಕಂಡಿಲ್ಲ. ಅದರ ಚರಿತ್ರೆಯನ್ನೇ ಇಲ್ಲಿ ಸ್ವಲ್ಪ ಹೇಳುತ್ತೇನೆ. ಮೋಟಾರಿನ ವಿಷಯ ನಮಗೇಕೆ ಎಂದು ಪುಟ ಮಗುಚಬೇಡಿ. ಕೊನೆಗೆ ಇದು ನಮ್ಮ ವಿಷಯವೇ.

ಎತ್ತಿನ ಗಾಡಿಯಲ್ಲಿ ಈ ಕೀಲಿಗೆ ಕಡಾಣಿ ಎನ್ನುತ್ತಾರೆ. ಅಚ್ಚಿನ ಕಡೆಯಲ್ಲಿರುವ ಆಣಿ, ಆದ್ದರಿಂದ ಕಡಾಣಿ. ಹಳೆಯ ಮಾತಿನಲ್ಲಿ ಕಡೆಗೀಲು. ಜೇಡರ ದಾಸಿಮಯ್ಯನವರ ಒಂದು ವಚನದಲ್ಲಿ ಈ ಕಡೆಗೀಲೇ ಉಪಮೆಯಾಗಿ ಬಂದಿದೆ. ನೇಯ್ಗೆಯ ಕಾಯಕದವರಾದ ದಾಸಿಮಯ್ಯನವರಿಗೂ ಬಂಡಿಯ ಬಲ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು ಎಂದಾಯಿತು.

ಅಂತರಸಂತೆ ನನ್ನ ತವರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹೋಬಳಿ ಊರು. ಹೆಸರಿನಲ್ಲೇ ಸಂತೆ ಇರುವುದರಿಂದ ಗಾಡಿಗಳ ಮಾತು ಬೇರೆ ಹೇಳಬೇಕಿಲ್ಲ. ನನ್ನ ಬಾಲ್ಯದಲ್ಲಿ ರಾಗಿ, ಹುರುಳಿ, ಹತ್ತಿ ಎಲ್ಲವೂ ಗಾಡಿಯ ಮೇಲೇ ಬರುತ್ತಿದ್ದವು. ಹೊರಡುವ ಮುಂಚೆ ಗಾಡಿಯವರು ಎರಡು ಕೆಲಸ ತಪ್ಪದೆ ಮಾಡುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿದ ಕೀಲೆಣ್ಣೆಯನ್ನು ಅಚ್ಚಿಗೆ ಬಳಿಯುವುದು ಒಂದು, ಎರಡೂ ಕಡೆಯ ಕಡಾಣಿಯನ್ನು ಕೈಯಿಂದ ಅಲ್ಲಾಡಿಸಿ ನೋಡುವುದು ಇನ್ನೊಂದು. ಕಡಾಣಿ ಸವೆದಿದ್ದರೆ ಕಮ್ಮಾರರ ಕುಲುಮೆಯಲ್ಲಿ ಹೊಸದು ತಟ್ಟಿಸಿಕೊಂಡು ಬರುತ್ತಿದ್ದರು. ಅದು ಆ ಗಾಡಿಯ ತೂತಿಗೆ ಮಾತ್ರ ಸರಿಹೊಂದುವ ಕಡಾಣಿ. ಪಕ್ಕದ ಮನೆಯ ಗಾಡಿಗೆ ಆಗುತ್ತಿರಲಿಲ್ಲ. ಒಂದು ಚಕ್ರಕ್ಕೆ ಒಂದೇ ಕಡಾಣಿಯಾದ್ದರಿಂದ ಅದು ಹೋದರೂ ನಡೆಯುತ್ತದೆ ಎನ್ನುವ ಪ್ರಶ್ನೆಯೇ ಇರಲಿಲ್ಲ. ನಿರ್ಲಕ್ಷ್ಯಕ್ಕೆ ಅಲ್ಲಿ ಜಾಗವಿರಲಿಲ್ಲ.

ಮೊದಲ ಮೋಟಾರುಗಳ ಚಕ್ರವೂ ಗಾಡಿಯ ಚಕ್ರದ ತಂಗಿಯೇ. ಮರದ ಅರೆಕಾಲು, ಹೊರಗೆ ರಬ್ಬರಿನ ಟೈರು. ಚಕ್ರವನ್ನು ಸುಲಭವಾಗಿ ಬಿಚ್ಚುವ ಹಾಗಿರಲಿಲ್ಲ. ಪಂಕ್ಚರ್ ಆದರೆ ಚಕ್ರ ಇದ್ದಲ್ಲೇ ಇರುವಂತೆ ಟೈರನ್ನು ಮೀಟಿ ತೆಗೆದು, ಒಳಗಿನ ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಮೀಟಿ ಕೂರಿಸಿ, ಗಾಳಿ ಹೊಡೆಯಬೇಕು. ಧೂಳಿನ ದಾರಿಯಲ್ಲಿ, ಮಳೆಯಲ್ಲಿ ಇದೊಂದು ಶಿಕ್ಷೆ. ಇದಕ್ಕೊಂದು ಉಪಾಯ ಹೂಡಿದವರು ವೇಲ್ಸ್ ದೇಶದ ಲನೆಲಿ ಎಂಬ ಊರಿನ ಡೇವಿಸ್ ಸಹೋದರರು. 1904ರಲ್ಲಿ ಅವರು ಅರೆಕಾಲುಗಳಿಲ್ಲದ, ಗಾಳಿ ತುಂಬಿದ ಟೈರು ಸಮೇತದ ಒಂದು ಬಳೆಯನ್ನು ತಯಾರಿಸಿದರು. ಪಂಕ್ಚರಾದ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಮನೆ ಸೇರಬಹುದಿತ್ತು. ಅವರ ಕಾರ್ಖಾನೆ ಇದ್ದ ಬೀದಿಯ ಹೆಸರು ಸ್ಟೆಪ್ನಿ. ಆ ಬೀದಿಯ ಹೆಸರೇ ಬಳೆಗೂ ಅಂಟಿತು. ಇಂಗ್ಲೆಂಡಿನಲ್ಲಿ ಜನ ಅದನ್ನು ಮರೆತರು. ನಾವು ಮಾತ್ರ ಇಂದಿಗೂ ಕಾರಿನ ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಎನ್ನುತ್ತೇವೆ.

ಆಮೇಲೆ 1910ರ ಆಸುಪಾಸಿನಲ್ಲಿ ಇಡೀ ಚಕ್ರವನ್ನೇ ಬಿಚ್ಚಿ ಬದಲಾಯಿಸುವ ಏರ್ಪಾಟು ಬಂದಿತು. ಒತ್ತಿ ಮಾಡಿದ ಉಕ್ಕಿನ ಚಕ್ರಗಳು ಬಂದವು. ಗಾಡಿಯ ಒಂದು ಕಡಾಣಿಯ ಕೆಲಸವನ್ನು ಇಲ್ಲಿ ಎರಡಾಗಿ ಹಂಚಿದರು. ಚಕ್ರದ ಗುಂಬ, ಎಂದರೆ ಮೆಕ್ಯಾನಿಕ್ಕರು ಹಬ್ ಎನ್ನುವ ಭಾಗ, ಅಚ್ಚಿನ ಮೇಲೇ ಇರುತ್ತದೆ. ಅದರಿಂದ ಹೊರಕ್ಕೆ ಚಾಚಿಕೊಂಡ ನಾಲ್ಕೈದು ಉಕ್ಕಿನ ಗೂಟಗಳಿಗೆ ಚಕ್ರವನ್ನು ತೂಗುಹಾಕಿ ನಟ್ಟು ಬಿಗಿಯುತ್ತಾರೆ. ಈ ಗೂಟಗಳೇ ಸ್ಟಡ್ಡುಗಳು. ನಮ್ಮ ಮಾರುತಿ 800 ಕಾರಿಗೆ ಒಂದು ಚಕ್ರಕ್ಕೆ ನಾಲ್ಕು, ಜೀಪಿಗೆ ಐದು. ಒಂದರ ಭಾರವನ್ನು ಐವರು ಹಂಚಿಕೊಂಡದ್ದು ದೊಡ್ಡ ಅನುಕೂಲ. ಅದರ ಜೊತೆಗೆ ಒಂದು ಹೊಸ ಮಾತೂ ಹುಟ್ಟಿಕೊಂಡಿತು: "ಒಂದು ಹೋದರೇನು, ಇನ್ನೂ ನಾಲ್ಕಿದೆಯಲ್ಲ."

ಈ ಸ್ಟಡ್ಡುಗಳೆಲ್ಲ ಒಂದೇ ಅಳತೆಯವಲ್ಲ. ಅದರ ಹಿಂದೆಯೂ ಒಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಒಂದೊಂದು ಕಾರ್ಖಾನೆಯ ಬೋಲ್ಟಿನ ಮರೆ, ಎಂದರೆ ಸುತ್ತು ಗೀರು, ಒಂದೊಂದು ಬಗೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಇಂಜಿನಿಯರು ಇಷ್ಟು ದಪ್ಪಕ್ಕೆ ಇಷ್ಟು ಮರೆ, ಮರೆಯ ಕೋನ 55 ಡಿಗ್ರಿ ಎಂದು ಒಂದು ಕಟ್ಟಳೆ ಮಾಡಿದರು. ಅಮೆರಿಕದವರು ತಮ್ಮದೇ ಬೇರೆ ಕಟ್ಟಳೆ ಮಾಡಿಕೊಂಡು 60 ಡಿಗ್ರಿ ಇಟ್ಟುಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳೆರಡೂ ಒಂದೇ ಕಡೆ ಹೋರಾಡುತ್ತಿದ್ದವು, ಆದರೆ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಆ ಪಾಡು ಪಟ್ಟ ಮೇಲೆ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ ಒಂದೇ ಮರೆಗೆ ಒಪ್ಪಿಕೊಂಡವು. ಅದೂ ಅಂಗುಲದ ಲೆಕ್ಕದ್ದೇ. ನಮ್ಮ ದೇಶ 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೂಲಕ ಮೀಟರಿನ ಕಡೆ ಹೊರಳಿತು. ಸೇರು, ಪಾವು, ಚಟಾಕುಗಳನ್ನು ನಮ್ಮ ಅಮ್ಮಂದಿರು ಎಷ್ಟೋ ವರ್ಷ ಬಿಡಲಿಲ್ಲವಷ್ಟೆ? ಹಾಗೆಯೇ ಮೋಟಾರುಗಳೂ ಬಹಳ ಕಾಲ ಅಂಗುಲವನ್ನು ಬಿಡಲಿಲ್ಲ.

ಬಿಡದಿರಲು ಕಾರಣವಿತ್ತು. ನಮ್ಮಲ್ಲಿ ಓಡುತ್ತಿದ್ದ ವಾಹನಗಳ ನಕ್ಷೆ ಹೊರಗಿನದು. 1950ರ ದಶಕದಲ್ಲಿ ಬಂದ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ ಜೀಪು ಅಮೆರಿಕದ ವಿಲ್ಲೀಸ್ ಕಂಪನಿಯದು. ಹೀಗಾಗದೆ ನಮ್ಮದೇ ಮೋಟಾರು ಆಗಲಿ ಎಂದು ಮೊದಲು ಹಂಬಲಿಸಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ನೋಡಿ ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನು ಹಿಡಿದರು. ಮೈಸೂರು ಸಂಸ್ಥಾನವೂ ಕೈಜೋಡಿಸಲು ಸಿದ್ಧವಿತ್ತು. ಆದರೆ ಬ್ರಿಟಿಷ್ ಸರ್ಕಾರ ಒಲವು ತೋರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಬೆಂಗಳೂರಿನಲ್ಲಿ ತೆರೆದದ್ದು ವಿಮಾನದ ಕಾರ್ಖಾನೆ. ಮೋಟಾರಿನದು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಎಂಬ ಹೆಸರಿನಿಂದ ಹುಟ್ಟಿತು. ಬೆಂಗಳೂರಿಗೆ ವಿಮಾನ ಬಂದಿತು, ಸ್ಟಡ್ಡು ಬರಲಿಲ್ಲ ಎಂದು ನಾನು ಮಕ್ಕಳಿಗೆ ತಮಾಷೆಗೆ ಹೇಳುವುದುಂಟು.

ಈಗ ನಮ್ಮ ಮನೆಯ ಜೀಪಿನ ವಿಷಯ. ನನ್ನ ತಮ್ಮ ಕೊಡಗಿನ ಒಂದು ಕಾಫಿ ತೋಟದಿಂದ ಹಳೆಯ ಜೀಪೊಂದನ್ನು ಕೊಂಡು ತಂದಿದ್ದ. ಅದರ ವಯಸ್ಸು ಹೆಚ್ಚು ಕಡಿಮೆ ನನ್ನ ವಯಸ್ಸೇ. ಅವನ ಹೆಂಡತಿ ಅದನ್ನು ಓಡಿಸಲು ಕಲಿತಳು. ಹಿಂಡಿ, ಗೊಬ್ಬರ, ಬಾಳೆಗೊನೆ, ಕೊನೆಗೆ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕೋಟೆಯ ಬ್ಯಾಂಕಿಗೆ ಕರೆದೊಯ್ಯುವುದು ಎಲ್ಲವೂ ಅವಳ ಕೈಯಲ್ಲೇ.

ಅಂತರಸಂತೆ ದಾಟಿದರೆ ಮಾನಂದವಾಡಿಯ ದಾರಿ ನಾಗರಹೊಳೆಯ ಕಾಡನ್ನು ಹೊಗುತ್ತದೆ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಆ ದಾರಿಯಲ್ಲಿ ವಾಹನ ಬಿಡುವುದಿಲ್ಲ. ಆ ಕಡೆಗೆ ಹೋಗಿದ್ದ ನನ್ನ ತಮ್ಮ ಒಂದು ಸಂಜೆ ಹಿಂದಿರುಗುವಾಗ ಕಾಡಿನ ನಡುವೆ ಎಡಗಡೆಯ ಮುಂದಿನ ಚಕ್ರ ಪಂಕ್ಚರಾಯಿತು. ಗೇಟು ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಆನೆ ಬರುವ ಜಾಗ ಬೇರೆ. ಜೊತೆಗಿದ್ದ ಹುಡುಗ ಸ್ಪ್ಯಾನರು ಹಾಕಿ ತಿರುಗಿಸಿದ, ನಟ್ಟು ಬರಲಿಲ್ಲ. ಬಲ ಸಾಲದೆಂದು ಸ್ಪ್ಯಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಅದರ ಮೇಲೆ ನಿಂತ. ಟಕ್ ಎಂದಿತು. ನಟ್ಟು ಬಿಚ್ಚಿತೆಂದುಕೊಂಡರೆ ಸ್ಟಡ್ಡೇ ಕತ್ತರಿಸಿ ಬಂದಿತ್ತು.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಳೆಯ ಜೀಪುಗಳಲ್ಲಿ ಬಲಗಡೆಯ ಚಕ್ರದ ಮರೆ ಎಲ್ಲ ಬೋಲ್ಟುಗಳಂತೆ, ಎಡಗಡೆಯದು ತಿರುಗುಮುರುಗು. ಅಲ್ಲಿ ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಚಕ್ರ ಮುಂದಕ್ಕೆ ಉರುಳುತ್ತಾ ಉರುಳುತ್ತಾ ಎಡಗಡೆಯ ನಟ್ಟನ್ನು ಸಡಿಲಿಸಬಾರದು ಎಂಬುದಕ್ಕೆ ಹಿಂದಿನವರು ಮಾಡಿದ ಏರ್ಪಾಟು ಅದು. ನಮ್ಮ ಮನೆಗಳಲ್ಲೂ ಇದರ ಬಂಧುಗಳಿದ್ದಾರೆ. ಟೇಬಲ್ ಫ್ಯಾನಿನ ರೆಕ್ಕೆ ತೊಳೆಯಲು ಬಿಚ್ಚಿದವರಿಗೆ ಗೊತ್ತು, ನಡುವಿನ ನಟ್ಟು ಎದುರು ದಿಕ್ಕಿಗೆ ತಿರುಗುತ್ತದೆ. ಸೈಕಲ್ಲಿನ ಎಡ ಪೆಡಲೂ ಹಾಗೆಯೇ. ಹುಡುಗ ಬಿಚ್ಚುತ್ತಿದ್ದೇನೆಂದು ಇದ್ದ ಬಲವನ್ನೆಲ್ಲ ಬಿಟ್ಟು ಬಿಗಿಯುತ್ತಿದ್ದ. ಉಕ್ಕು ಎಷ್ಟೆಂದು ತಾಳೀತು?

ಹೇಗೋ ಸ್ಟೆಪ್ನಿ ಹಾಕಿ, ಉಳಿದ ನಾಲ್ಕನ್ನು ಬಿಗಿದು, ಆರರ ಒಳಗೆ ಕಾಡು ದಾಟಿದರು. ಅಂದಿನ ಮಟ್ಟಿಗೆ ಅದು ಸರಿಯೇ. ಆಮೇಲೆ ಎರಡು ತಿಂಗಳು ಜೀಪು ಹಾಗೇ ಓಡಿತು. ನನ್ನ ತಮ್ಮನ ಹೆಂಡತಿ ನಾಲ್ಕೈದು ಸಲ ಹೇಳಿದಳು. "ಬುಡು, ನಾಲ್ಕದಲ್ಲ, ಸಾಕು" ಎಂಬ ಉತ್ತರವೇ ಬರುತ್ತಿತ್ತು.

ನಾಲ್ಕಿದ್ದರೆ ಏಕೆ ಸಾಲದು? ಚಕ್ರವನ್ನು ಹಿಡಿದಿರುವುದು ಸ್ಟಡ್ಡಿನ ಗಾತ್ರಕ್ಕಿಂತ ಹೆಚ್ಚಾಗಿ ಅದರ ಬಿಗಿತ. ಐದೂ ಸಮನಾಗಿ ಎಳೆದು ಹಿಡಿದಾಗ ಚಕ್ರ ಡ್ರಮ್ಮಿಗೆ ಅಂಟಿಕೊಂಡು ಒಂದು ಕೂದಲೆಳೆಯಷ್ಟೂ ಜರುಗುವುದಿಲ್ಲ. ಒಂದು ಹೋದರೆ ಆ ಪಕ್ಕ ಹಿಡಿತ ತಪ್ಪಿ, ಅದರ ಪಾಲಿನ ಹೊರೆ ಅಕ್ಕಪಕ್ಕದ ಎರಡರ ಮೇಲೆ ಬೀಳುತ್ತದೆ. ಚಕ್ರ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಅಲುಗಿ ಅವುಗಳನ್ನು ಬಗ್ಗಿಸುತ್ತದೆ, ನೆಟ್ಟಗೆ ಮಾಡುತ್ತದೆ, ಮತ್ತೆ ಬಗ್ಗಿಸುತ್ತದೆ. ಹೇರ್‌ಪಿನ್ನನ್ನು ಹಿಂದಕ್ಕೆ ಮುಂದಕ್ಕೆ ಹತ್ತು ಸಲ ಬಗ್ಗಿಸಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಇದನ್ನು ಲೋಕ ದೊಡ್ಡ ಬೆಲೆ ತೆತ್ತು ಕಲಿತಿದೆ. 1842ರಲ್ಲಿ ಫ್ರಾನ್ಸಿನಲ್ಲಿ ವರ್ಸೇಲ್ಸಿನಿಂದ ಪ್ಯಾರಿಸಿಗೆ ಜನರನ್ನು ತುಂಬಿಕೊಂಡು ಬರುತ್ತಿದ್ದ ರೈಲಿನ ಇಂಜಿನ್ನಿನ ಅಚ್ಚು ಮುರಿದು ಹಲವಾರು ಜನ ಸತ್ತರು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಎಂಬ ಇಂಜಿನಿಯರು ವರ್ಷಗಟ್ಟಲೆ ಪರೀಕ್ಷೆ ಮಾಡಿ, ಒಂದೇ ಸಲಕ್ಕೆ ಮುರಿಯದ ಚಿಕ್ಕ ಹೊರೆಯೂ ಸಾವಿರ ಸಾವಿರ ಸಲ ಮರುಕಳಿಸಿದರೆ ಲೋಹವನ್ನು ಮುರಿಯುತ್ತದೆ ಎಂದು ತೋರಿಸಿದರು. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ದಣಿದ ಲೋಹ ಹೊರಗೆ ಎಂದಿನಂತೆಯೇ ಹೊಳೆಯುತ್ತಿರುತ್ತದೆ. ಮುರಿಯುವವರೆಗೆ ಯಾರಿಗೂ ಕಾಣುವುದಿಲ್ಲ.

ಒಂದು ದಿನ ಸಂಘದ ಏಳು ಹೆಂಗಸರನ್ನು ಕೂರಿಸಿಕೊಂಡು ಅವಳು ಕೋಟೆಗೆ ಹೊರಟಿದ್ದಳು. ರಜೆಗೆ ತವರಿಗೆ ಬಂದಿದ್ದ ನಾನು ಮುಂದೆ ಕೂತಿದ್ದೆ. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು.

"ಅಕ್ಕ, ಎಡಗಡೆ ಚಕ್ರದಲ್ಲಿ ಏನೋ ಸದ್ದು ಬತ್ತಾದೆ, ಕೇಳುಸ್ತಾ?" ಎಂದಳು.

ನನಗೆ ಜೀಪಿನ ಎಲ್ಲ ಭಾಗಗಳಿಂದಲೂ ಸದ್ದು ಕೇಳುತ್ತಿತ್ತು. ಅವಳು ಮಾತ್ರ ವೇಗ ತಗ್ಗಿಸಿ ಪಕ್ಕಕ್ಕೆ ನಿಲ್ಲಿಸಿ ಇಳಿದಳು. ನೋಡಿದರೆ ಎರಡನೆಯ ಸ್ಟಡ್ಡು ಬುಡದಲ್ಲೇ ಮುರಿದು, ಉಳಿದ ಮೂರರಲ್ಲಿ ಒಂದರ ನಟ್ಟು ಬೆರಳಿಗೇ ತಿರುಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ಬಂದು ನೋಡಿ, ಬಿಗಿದುಕೊಂಡು ನಿಧಾನವಾಗಿ ಹೋಗಿ, ಏನೂ ಆಗುವುದಿಲ್ಲ ಎಂದರು. ಹಿಂದೆ ಕೂತಿದ್ದ ಹೆಂಗಸರಿಗೂ ಬ್ಯಾಂಕಿನ ಕಂತಿನ ಚಿಂತೆ. ಅವಳು ಜಗ್ಗಲಿಲ್ಲ. "ನನ್ನ ಕೈಲಿ ಏಳು ಜನದ ಮಕ್ಕಳು ಮರಿ ಅವೆ ಅಣ್ಣ, ನಾನು ಓಡ್ಸಕಿಲ್ಲ" ಎಂದು ಬೀಗದ ಕೈ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಎಲ್ಲರೂ ಬಸ್ಸು ಹಿಡಿದು ಹೋದೆವು. ಆ ದಾರಿಯಲ್ಲಿ ಚಕ್ರ ಕಳಚಿದ್ದರೆ ಏನಾಗುತ್ತಿತ್ತೆಂದು ಬಸ್ಸಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಜೀಪು ಇದ್ದಲ್ಲಿಗೇ ಕೋಟೆಯಿಂದ ಮೆಕ್ಯಾನಿಕ್ ಸಾಹೇಬರು ಬಂದರು. ವಯಸ್ಸಾದವರು, ಜೀಪುಗಳನ್ನು ಬಲ್ಲವರು. ಮುರಿದ ಸ್ಟಡ್ಡಿನ ತುದಿಯಲ್ಲಿದ್ದ ಇಂಗ್ಲಿಷಿನ ಎಲ್ ಅಕ್ಷರವನ್ನು ತೋರಿಸಿ, "ನೋಡಿ ಟೀಚರಮ್ಮ, ಎಡ ಅಂತ ಅವನೇ ಬರೆದಿಟ್ಟವ್ನೆ. ಓದೋರು ಯಾರು?" ಎಂದರು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸ್ಟಡ್ಡು ಏಕಾಗದು ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ನನಗೆ ಚರಿತ್ರೆಯ ಪಾಠವೇ ಆಯಿತು. ಜೀಪಿನದು ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು ದಪ್ಪ. ಮರೆಯಿಂದ ಮರೆಗೆ 1.27 ಮಿಲಿಮೀಟರು. ಮಾರುತಿಯಂಥ ಕಾರುಗಳದು 12 ಮಿಲಿಮೀಟರು ದಪ್ಪ. ಮರೆಯಿಂದ ಮರೆಗೆ 1.25. ಬಲಗಡೆಯ ಚಕ್ರದಲ್ಲಾದರೆ ಜೀಪಿನ ನಟ್ಟು ಕಾರಿನ ಸ್ಟಡ್ಡಿನ ಮೇಲೆ ಸರಾಗವಾಗಿ ಸುತ್ತಿಕೊಳ್ಳುತ್ತದೆ. "ಕೂತ ಹಂಗೆ ಕಾಣ್ತದೆ, ಕೂತಿರಕಿಲ್ಲ" ಎಂದರು ಸಾಹೇಬರು. ಮರೆಯ ತುದಿ ಮಾತ್ರ ತುದಿಯನ್ನು ಹಿಡಿದಿರುತ್ತದೆ, ಭಾರ ಬಿದ್ದ ದಿನ ಜಾರುತ್ತದೆ. ಆದ್ದರಿಂದ ಹಳೆಯ ವಾಹನದವರು ಮುರಿದ ತುಂಡನ್ನು ಎಸೆಯದೆ ಅಂಗಡಿಗೆ ಒಯ್ಯಬೇಕು. ದಪ್ಪ, ಉದ್ದ, ಮರೆ, ಮರೆಯ ದಿಕ್ಕು ನಾಲ್ಕೂ ಹೊಂದಬೇಕು. ನಮಗೆ ಬೇಕಾದದ್ದು ಮೈಸೂರಿನಲ್ಲಿ ಸಿಕ್ಕುವ ಹೊತ್ತಿಗೆ ನಾಲ್ಕು ದಿನ ಹಿಡಿಯಿತು.

ಹಾಕುವುದನ್ನು ನಾವಿಬ್ಬರೂ ನಿಂತು ನೋಡಿದೆವು. ಮೊದಲು ಬೇರೆ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟರು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಎತ್ತಿ, ಜಾಕನ್ನೊಂದೇ ನಂಬದೆ ಕೆಳಗೆ ಮರದ ದಿಮ್ಮಿ ಇಟ್ಟರು. ಚಕ್ರ ತೆಗೆದು, ಹಬ್ಬನ್ನೂ ಡ್ರಮ್ಮನ್ನೂ ಕಳಚಿದರು. ಈ ಜೀಪಿನಲ್ಲಿ ಸ್ಟಡ್ಡಿನ ಬುಡವನ್ನು ತಟ್ಟಿ ಅಗಲಿಸಿ ಕೂರಿಸಿದ್ದರಿಂದ ಆ ಅಂಚನ್ನು ಅರೆದು ತೆಗೆದು, ಮುರಿದ ತುಂಡನ್ನು ಮುಂದಿನಿಂದ ಹಿಂದಕ್ಕೆ ಬಡಿದು ಬೀಳಿಸಿದರು. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ವಾಷರುಗಳನ್ನು ಹಾಕಿ ನಟ್ಟು ತಿರುಗಿಸುತ್ತಾ ಹೋದರೆ ಅದು ತಾನಾಗಿ ಒಳಕ್ಕೆಳೆದುಕೊಂಡು ಬಿಗಿಯಾಗಿ ಕೂತಿತು. ಮುರಿದದ್ದು ಎರಡಾದರೂ ಆ ಚಕ್ರದ ಐದನ್ನೂ ಅವರು ಬದಲಾಯಿಸಿದರು. ಉಳಿದ ಮೂರು ಗಟ್ಟಿಯಾಗಿ ಕಾಣುತ್ತವಲ್ಲ ಎಂದು ನನ್ನ ತಮ್ಮ ಕೇಳಿದ. ಅವೂ ಇಷ್ಟು ದಿನ ಹೊರಬಾರದ್ದು ಹೊತ್ತಿವೆ, ನಂಬುವ ಹಾಗಿಲ್ಲ ಎಂದರು.

ಕೊನೆಗೆ ಬಿಗಿಯುವ ಕ್ರಮ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. ಒಂದು ಬಿಟ್ಟು ಒಂದರಂತೆ ಬಿಗಿಯಬೇಕು. ಕೈಯೆತ್ತದೆ ಐದು ಮೂಲೆಯ ನಕ್ಷತ್ರದ ರಂಗೋಲಿ ಎಳೆಯುತ್ತೇವಲ್ಲ, ಅದೇ ದಾರಿ. ನನ್ನ ತಮ್ಮನ ಹೆಂಡತಿ ಒಂದೇ ಸಲಕ್ಕೆ ಕಲಿತಳು. ಸ್ವಲ್ಪ ದೂರ ಓಡಿಸಿದ ಮೇಲೆ, ಐವತ್ತು ನೂರು ಕಿಲೋಮೀಟರಿನೊಳಗೆ, ಮತ್ತೊಮ್ಮೆ ಬಿಗಿ ನೋಡಬೇಕೆಂದು ಸಾಹೇಬರು ಹೇಳಿದ್ದನ್ನೂ ಅವಳು ಮರೆಯಲಿಲ್ಲ.

ಒಂದು ಸ್ಟಡ್ಡಿಗೆ ಆದ ಖರ್ಚು ಹಬ್ಬದ ದಿನದ ಎರಡು ಮೊಳ ಹೂವಿನದು. ಅಷ್ಟಕ್ಕೆ ಎರಡು ತಿಂಗಳು ಏಕೆ ಕಾಯಬೇಕಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ನಡೆಯುತ್ತಿರುವವರೆಗೆ ನಡೆಯಲಿ ಎಂಬ ಗುಣ ಜೀಪಿಗೆ ಮಾತ್ರ ಸೇರಿದ್ದಲ್ಲ. ಮನೆಯಲ್ಲಿ ಒಬ್ಬರು ಹೊರೆ ಇಳಿಸಿದರೆ ಪಕ್ಕದವರು ಸದ್ದಿಲ್ಲದೆ ಎತ್ತಿಕೊಳ್ಳುತ್ತಾರೆ, ಸಂಸಾರದ ಚಕ್ರ ಉರುಳುತ್ತಿರುತ್ತದೆ, ನಾಲ್ವರಿದ್ದಾರಲ್ಲ ಸಾಕು ಎಂದು ಎಲ್ಲರೂ ಸುಮ್ಮನಿರುತ್ತಾರೆ. ಕೈಕೇಯಿ ಒಂದು ಯುದ್ಧದ ಹೊತ್ತು ಕೈ ಇಟ್ಟಳು, ಅದು ಆಪತ್ಕಾಲ. ಅವಳ ಕೈಯನ್ನೇ ಖಾಯಂ ಕಡಾಣಿ ಎಂದು ತಿಳಿದು ದಶರಥ ರಥ ಓಡಿಸುತ್ತಲೇ ಇದ್ದಿದ್ದರೆ? ಕಮ್ಮಾರರಿಂದ ಹಿಡಿದು ವಿಟ್‌ವರ್ತ್, ವೋಲರ್ ತನಕ ಇಷ್ಟು ಜನ ತಲೆ ಕೆಡಿಸಿಕೊಂಡದ್ದು ಆ ತೂತಿನಲ್ಲಿ ಯಾರೂ ಬೆರಳಿಡಬೇಕಾಗದಿರಲಿ ಎಂದೇ ಅಲ್ಲವೇ? ಸಿಗುವ ಸ್ಟಡ್ಡನ್ನು ತರದೆ ಬೆರಳನ್ನು ಹೊಗಳುವುದು ಆ ಬೆರಳಿಗೆ ಮಾಡುವ ಉಪಕಾರವಲ್ಲ.

ಆಯುಧಪೂಜೆಯ ದಿನ ನಮ್ಮ ಕಡೆ ವಾಹನ ತೊಳೆದು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಾರೆ. ನನ್ನ ತಮ್ಮನ ಹೆಂಡತಿ ಆ ವರ್ಷದಿಂದ ಇನ್ನೊಂದು ಕೆಲಸ ಸೇರಿಸಿದ್ದಾಳೆ. ಸ್ಪ್ಯಾನರು ಹಿಡಿದು ನಾಲ್ಕೂ ಚಕ್ರಗಳ ನಟ್ಟುಗಳನ್ನು ಬಿಗಿ ನೋಡಿ, ನೋಡಿದ ಪ್ರತಿಯೊಂದಕ್ಕೂ ಒಂದೊಂದು ಕುಂಕುಮದ ಬೊಟ್ಟಿಡುತ್ತಾಳೆ. ಎಣಿಸಿದರೆ ಇಪ್ಪತ್ತು ಬೊಟ್ಟು ಇರಬೇಕು. ಇಪ್ಪತ್ತು ಆದ ಮೇಲೆಯೇ ಮಂಗಳಾರತಿ.